ಅರ್ಧ ದಿನದ ಸಮುದ್ರ, ಹನ್ನೆರಡು ತಿಂಗಳ ಕಂತು

ಡಿಸೆಂಬರ್ ಬಂತೆಂದರೆ ಉಡುಪಿ ಬಳಿಯ ಉದ್ಯಾವರದಂಥ ಊರಿನಲ್ಲಿ ಮನೆಖರ್ಚಿನ ಲೆಕ್ಕ ಹಳಿ ತಪ್ಪುತ್ತದೆ. ಯಕ್ಷಗಾನ ಮೇಳಗಳು ತಿರುಗಾಟ ಶುರುಮಾಡಿರುತ್ತವೆ, ಕೋಲ-ನೇಮಗಳ ವಂತಿಗೆ ಕೊಡಬೇಕಾಗುತ್ತದೆ, ವಾರಕ್ಕೊಂದು ಮದುವೆಯ ಊಟ ಇರುತ್ತದೆ. ಅದರ ಮೇಲೆ ಮುಂಬೈ, ದುಬೈ, ಅಮೆರಿಕದಿಂದ ನೆಂಟರು ಬಂದಿಳಿಯುತ್ತಾರೆ. ಕಳೆದ ಡಿಸೆಂಬರ್‌ನಲ್ಲಿ ನನ್ನ ಅಕ್ಕನ ಮಗ ನ್ಯೂಜೆರ್ಸಿಯಿಂದ ಹೆಂಡತಿ ಮಕ್ಕಳೊಂದಿಗೆ ಬಂದಿದ್ದ. ಬರುವ ಮೊದಲೇ ಫೋನ್ ಮಾಡಿದ್ದ. "ಮಾವ, ಈ ಸಲ ಎಲ್ಲರೂ ಒಟ್ಟಿಗೆ ದೋಣಿಯಲ್ಲಿ ಹೋಗುವ. ಮಕ್ಕಳಿಗೆ ಸ್ನಾರ್ಕ್ಲಿಂಗ್ ಅಂದ್ರೆ ಪ್ರಾಣ."

ಹಿಂದಿನ ವರ್ಷ ಅವರು ಕೆರಿಬಿಯನ್‌ನ ಬಾರ್ಬಡೋಸ್‌ಗೆ ಹೋಗಿ ಬಂದಿದ್ದರು. ಅಲ್ಲಿ ಬ್ರಿಜ್‌ಟೌನ್‌ನಿಂದ ಬೆಳಿಗ್ಗೆ ಕ್ಯಾಟಮರಾನ್ ಹೊರಡುತ್ತದಂತೆ. ಜೋಡಿ ಒಡಲಿನ ಅಗಲವಾದ ದೋಣಿ, ಮುಂಭಾಗದಲ್ಲಿ ಬಲೆ ಬಿಗಿದಿರುತ್ತದೆ, ಅದರ ಮೇಲೆ ಅಂಗಾತ ಮಲಗಿ ಹೋಗಬಹುದು. ಆಮೆಗಳಿರುವ ಕಡೆ ಒಮ್ಮೆ ನೀರಿಗಿಳಿಸುತ್ತಾರೆ, ಕಾರ್ಲೈಲ್ ಕೊಲ್ಲಿಯಲ್ಲಿ ಮುಳುಗಿರುವ ಹಡಗುಗಳ ಮೇಲೆ ಇನ್ನೊಮ್ಮೆ. ಆಮೇಲೆ ಊಟ, ರಮ್, ಹಾಡು, ಕುಣಿತ. ಅರ್ಧ ದಿನದಲ್ಲಿ ಮರಳಿ ದಡ. ತಲೆಗೆ ನೂರು ಡಾಲರಿಗೂ ಮೇಲೆ. ಅಷ್ಟು ಸಂತೋಷದ ದಿನ ತನ್ನ ಅಮ್ಮ ಜೊತೆಗಿರಲಿಲ್ಲ ಎಂಬ ಕೊರಗು ಅವನಿಗಿತ್ತು. ಅದೇ ದಿನವನ್ನು ನಮ್ಮ ನೀರಿನಲ್ಲಿ ಮತ್ತೊಮ್ಮೆ ಕಟ್ಟಬೇಕೆಂದು ಅವನ ಆಸೆ. ನನಗೂ ಆ ಆಸೆ ಸರಿಯೆನಿಸಿತು.

ಮಲ್ಪೆ ನಮಗೆ ಹತ್ತಿರ. ಸೇಂಟ್ ಮೇರಿಸ್ ದ್ವೀಪಕ್ಕೆ ಅಲ್ಲಿಂದ ಸ್ವಲ್ಪ ಹೊತ್ತಿನ ದಾರಿ, ಟಿಕೆಟಿಗೂ ದೊಡ್ಡ ಹಣವಲ್ಲ. ಲಾವಾ ತಣ್ಣಗಾಗಿ ಕಂಬಕಂಬವಾಗಿ ನಿಂತ ಆ ಕಲ್ಲುಗಳನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ. ಆದರೆ ಮೀನು ನೋಡಲು ನೀರು ತಿಳಿಯಾಗಿರಬೇಕು. ನಮ್ಮ ದಡದ ಹತ್ತಿರ ಹೊಳೆಗಳು ತಂದು ಸುರಿಯುವ ಕೆಸರು, ಮರಳು. ಸ್ನಾರ್ಕ್ಲಿಂಗ್ ಎಂದರೆ ಕರಾವಳಿಯವರು ನೇತ್ರಾಣಿ ದ್ವೀಪವನ್ನೇ ಹೇಳುವುದು. ಉದ್ಯಾವರದಿಂದ ಹೆದ್ದಾರಿ 66ರಲ್ಲಿ ಮುರ್ಡೇಶ್ವರಕ್ಕೆ ಸುಮಾರು ನೂರು ಕಿಲೋಮೀಟರ್, ಅಲ್ಲಿಂದ ಸಮುದ್ರದಲ್ಲಿ ಮತ್ತೆ ಹತ್ತೊಂಬತ್ತರಷ್ಟು. ಅಷ್ಟು ಒಳಗೆ ಹೋದ ಮೇಲೆ ನೀರಿನ ಬಣ್ಣವೇ ಬೇರೆ.

ಬೆಲೆ ಕೇಳುವ ಕೆಲಸವನ್ನು ಮಣಿಪಾಲದಲ್ಲಿ ಕೆಲಸಕ್ಕಿರುವ ಅಣ್ಣನ ಮಗನಿಗೆ ವಹಿಸಿದೆವು. ಹದಿನಾರು ಜನಕ್ಕೆ ಪೂರ್ತಿ ದೋಣಿ, ಸ್ನಾರ್ಕ್ಲಿಂಗ್, ದೋಣಿಯಲ್ಲಿ ಹಾಡು ಮತ್ತು ತಿಂಡಿ, ಮುರ್ಡೇಶ್ವರದಲ್ಲಿ ಒಂದು ರಾತ್ರಿ. ಒಬ್ಬ ಏಜೆಂಟ್ 1,20,000 ಹೇಳಿದರಂತೆ. ಜೊತೆಗೇ, ತಿಂಗಳಿಗೆ 10,000ದಂತೆ ಹನ್ನೆರಡು ಕಂತು, ನೋ ಕಾಸ್ಟ್ ಇಎಂಐ. ಹುಡುಗನಿಗೆ ಬೆಲೆಗಿಂತ ಕಂತೇ ಹಿಡಿಸಿತ್ತು. "ಚಿಕ್ಕಪ್ಪ, ಒಟ್ಟಿಗೆ ಯಾಕೆ ಕೊಡುದು? ಬಡ್ಡಿ ಇಲ್ಲ ಅಂತಾರಲ್ಲ. ನಿಮ್ಮ ಎಫ್‌ಡಿ ಹಾಗೇ ಇರ್ಲಿ, ಅದಕ್ಕೂ ಬಡ್ಡಿ ಬರ್ತದೆ."

ನಾನು ಎಫ್‌ಡಿ ಮುರಿದೆ. ಮನೆಯಲ್ಲಿ ಇದಕ್ಕೆ ಬಹಳ ವಿರೋಧ ಬಂತು. ಅರ್ಧ ದಿನದ ಮೋಜಿಗೆ ಯಾರಾದರೂ ಎಫ್‌ಡಿ ಮುರಿಯುತ್ತಾರೆಯೇ ಎಂದು ಅಕ್ಕನೂ ಕೇಳಿದಳು. ಅವತ್ತು ಹಾಳೆ ತೆಗೆದು ಅವರ ಮುಂದೆ ಮಾಡಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ಸ್ವಲ್ಪ ಉದ್ದವಿದೆ, ಆದರೂ ಒಂದು ಸಲ ಪೆನ್ನು ಹಿಡಿದು ಜೊತೆಗೆ ಬನ್ನಿ.

ಮೊದಲು ಏಜೆಂಟರಿಗೆ ನಾನೇ ಫೋನ್ ಮಾಡಿ, ಇವತ್ತೇ ಪೂರ್ತಿ ಹಣ ಕೊಟ್ಟರೆ ಎಷ್ಟು ಎಂದು ಕೇಳಿದೆ. 1,12,000 ಅಂದರು. ಕಂತಿನ ಮಾತು ಬಂದಲ್ಲೆಲ್ಲ ಮೊದಲು ಕೇಳಬೇಕಾದ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಗದೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಇನ್ನು ಕಂತು. ಕ್ರೆಡಿಟ್ ಕಾರ್ಡಿನ ಇಎಂಐ ದರ ಶೇ 15 ಇತ್ತು. ಆ ದರದಲ್ಲಿ ತಿಂಗಳಿಗೆ 10,000ದಂತೆ ಹನ್ನೆರಡು ಕಂತು ಕಟ್ಟಿದರೆ ತೀರುವ ಸಾಲ 1,10,793 ರೂಪಾಯಿ. ಮಿಕ್ಕ 9,207 ಬಡ್ಡಿ. ಇದನ್ನು ಮಾರುವವರು 'ರಿಯಾಯಿತಿ' ಎಂದು ಬೆಲೆಯಲ್ಲಿ ಕಳೆಯುತ್ತಾರೆ, ಬ್ಯಾಂಕ್ 'ಬಡ್ಡಿ' ಎಂದು ಮತ್ತೆ ಸೇರಿಸುತ್ತದೆ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅಂದರೆ 1,657. ಅದು ನಮ್ಮ ತಲೆಗೆ. ಪ್ರೊಸೆಸಿಂಗ್ ಶುಲ್ಕ 199, ಅದರ ಜಿಎಸ್‌ಟಿ ಸೇರಿ 235. ವರ್ಷ ಮುಗಿಯುವಾಗ ನಾವು ಕೊಟ್ಟದ್ದು 1,21,892. ಒಟ್ಟಿಗೆ ಕೊಡುವ ಬೆಲೆಗಿಂತ 9,892 ಹೆಚ್ಚು.

ಹುಡುಗ ಕೂಡಲೇ ಶೇ 9 ತಾನೇ ಅಂದ. ಅಲ್ಲ. ವರ್ಷವಿಡೀ 1,12,000 ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಪ್ರತಿ ತಿಂಗಳು ಸಾಲ ಇಳಿಯುತ್ತಾ ಹೋಗುತ್ತದೆ, ಸರಾಸರಿ ಹಿಡಿದರೆ ನಾವು ಬಳಸಿದ್ದು 60,000ಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಅಷ್ಟಕ್ಕೆ 9,892 ಕೊಟ್ಟರೆ ದರ ಶೇ 16ರ ಹತ್ತಿರ ಬಂತು.

ಈಗ ಎಫ್‌ಡಿ. ಆರು ತಿಂಗಳ ಹಿಂದೆ ಶೇ 7ಕ್ಕೆ ಇಟ್ಟದ್ದು. ಮುರಿಯದೆ ಬಿಟ್ಟರೆ 1,12,000ಕ್ಕೆ ಮುಂದಿನ ಒಂದು ವರ್ಷದಲ್ಲಿ 7,840 ಸೇರಿ 1,19,840 ಆಗುತ್ತಿತ್ತು. ಮುರಿದರೆ ಶೇ 1 ದಂಡ, ಆರು ತಿಂಗಳಿಗೆ 560. ಮುರಿದ ಮೇಲೆ, ಕಂತಿಗೆ ಕೊಡಬೇಕಿದ್ದ ಅದೇ 10,000ವನ್ನು ಅದೇ ತಾರೀಕಿಗೆ ಶೇ 7ರ ಆರ್‌ಡಿಗೆ ಹಾಕುತ್ತಾ ಹೋದರೆ ಬಡ್ಡಿ 3,850. ಕೈಗೆ 1,23,850. ಕೊಡದೆ ಉಳಿದ ಜಿಎಸ್‌ಟಿ, ಶುಲ್ಕ 1,892 ಸೇರಿಸಿ, ದಂಡ 560 ಕಳೆಯಿರಿ. 1,25,182. ಮುರಿಯದೆ ಇಟ್ಟಿದ್ದರೆ ಬರುತ್ತಿದ್ದ 1,19,840ಕ್ಕಿಂತ 5,342 ಹೆಚ್ಚು. ನಿಮ್ಮ ಬ್ಯಾಂಕ್ ಆರು ತಿಂಗಳ ಠೇವಣಿಯ ಕಡಿಮೆ ದರವನ್ನೇ ಹಚ್ಚಿದರೆ ಇನ್ನೊಂದಷ್ಟು ಹೋದೀತು. ಆದರೂ ತಕ್ಕಡಿ ಆ ಕಡೆ ವಾಲುವುದಿಲ್ಲ.

ಮನೆಯವರು ಎಫ್‌ಡಿ ಮುರಿಯುವುದನ್ನು ನಷ್ಟ ಎಂದರು, ಕಂತನ್ನು ಅನುಕೂಲ ಎಂದರು. ಲೆಕ್ಕ ಹೇಳುವುದು ತಿರುವುಮುರುವು.

ಈ ನೋ ಕಾಸ್ಟ್ ಎಂಬ ಮಾತಿನ ಬಗ್ಗೆ ನನಗೆ ತಾಳ್ಮೆಯೇ ಇಲ್ಲ. ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ಬ್ಯಾಂಕುಗಳಿಗೆ ಸ್ಪಷ್ಟವಾಗಿ ಹೇಳಿತ್ತು. 2022ರ ಕಾರ್ಡ್ ನಿಯಮಗಳಲ್ಲಿ, ಖರೀದಿಯನ್ನು ಇಎಂಐ ಮಾಡುವ ಮೊದಲೇ ಅಸಲು ಎಷ್ಟು, ಬಡ್ಡಿ ಎಷ್ಟು, ರಿಯಾಯಿತಿ ಎಷ್ಟು ಎಂದು ಬಿಡಿಸಿ ತೋರಿಸಬೇಕು, ಬಿಲ್ಲಿನಲ್ಲೂ ಬೇರೆಯಾಗಿ ಕಾಣಿಸಬೇಕು ಎಂದಿದೆ. 2024ರ ಅಕ್ಟೋಬರ್‌ನಿಂದ ಹೊಸ ಸಾಲಗಳಿಗೆ ವಾರ್ಷಿಕ ಒಟ್ಟು ವೆಚ್ಚದ ದರ ನಮೂದಿಸಿದ ಒಂದು ಹಾಳೆ ಕೊಡುವುದು ಕಡ್ಡಾಯ. ಕ್ರೆಡಿಟ್ ಕಾರ್ಡ್ ಬಾಕಿಗೆ ಅದು ಅನ್ವಯಿಸುವುದಿಲ್ಲ, ಪ್ರವಾಸಕ್ಕೆಂದು ಆ್ಯಪ್‌ಗಳು ಕೊಡಿಸುವ ಸಾಲಕ್ಕೆ ಅನ್ವಯಿಸುತ್ತದೆ. ಆ ಹಾಳೆ ಕೇಳಿ ಪಡೆಯಿರಿ. ಓದಿ. ಇಷ್ಟೆಲ್ಲ ನಿಯಮವಿದ್ದೂ ಫೋನಿನ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕಾಣುವುದು ತಿಂಗಳ ಕಂತು ಮಾತ್ರ. ಒಟ್ಟು ಮೊತ್ತ ನೋಡಬೇಕಾದರೆ ಹುಡುಕಬೇಕು. ಮೂವತ್ತು ವರ್ಷ ತುಂಬದ, ಮೊದಲ ಸಂಬಳದ ಖುಷಿಯಲ್ಲಿರುವ ಮಕ್ಕಳು ಇದಕ್ಕೆ ಸಿಗುತ್ತಿದ್ದಾರೆ ಎಂಬುದು ನನ್ನ ಸಂಕಟ.

ಫ್ರಿಜ್ಜಿಗೆ ಕಂತು ಕಟ್ಟಿದರೆ ಫ್ರಿಜ್ ಮನೆಯಲ್ಲಿ ಇರುತ್ತದೆ. ದೋಣಿಯ ಮೋಜು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಡಿಸೆಂಬರ್‌ನಲ್ಲಿ ಹೋಗಿ ಬಂದವರು ಜೂನ್ ಒಂದಕ್ಕೆ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಶುರುವಾದಾಗಲೂ ಕಟ್ಟುತ್ತಿರುತ್ತಾರೆ, ಜುಲೈ 31ಕ್ಕೆ ಅದು ಮುಗಿದಾಗಲೂ ಕಟ್ಟುತ್ತಿರುತ್ತಾರೆ. ಕಂತು ಮುಗಿಯುವಷ್ಟರಲ್ಲಿ ಚೌತಿ, ಅಷ್ಟಮಿ, ಶಾಲೆಯ ಫೀಸು ಎಲ್ಲ ಬಂದು ಹೋಗಿರುತ್ತವೆ.

ದೋಣಿಯವರ ಬೆಲೆ ಜಾಸ್ತಿ ಎಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಅವರಿಗೆ ದುಡಿಮೆಯಿಲ್ಲ. ಉಳಿದ ತಿಂಗಳುಗಳ ಗಳಿಕೆಯಲ್ಲೇ ಎಂಜಿನ್ ರಿಪೇರಿ, ಡೀಸೆಲ್, ಮುಳುಗುಗಾರರ ಸಂಬಳ ಎಲ್ಲ ಆಗಬೇಕು. ಲೈಫ್ ಜಾಕೆಟ್, ನೀರಿನಲ್ಲಿ ಜೊತೆಗಿರುವ ಗೈಡ್, ಇವೆರಡರ ವಿಷಯದಲ್ಲಿ ಯಾರೂ ಚೌಕಾಶಿ ಮಾಡಬೇಡಿ. ಮಾಡುವುದಿದ್ದರೆ ದಿನಾಂಕದಲ್ಲಿ ಮಾಡಿ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಇರುವ ದರ ಜನವರಿಯ ನಡುವಿನ ಒಂದು ಮಂಗಳವಾರಕ್ಕೆ ಇರುವುದಿಲ್ಲ. ತಲೆಲೆಕ್ಕದಲ್ಲೂ ಮಾಡಿ. ನಮ್ಮ ಹದಿನಾರರಲ್ಲಿ ನೀರಿಗಿಳಿದವರು ಒಂಬತ್ತೇ ಜನ. ದೋಣಿಯಲ್ಲಿ ಕೂತವರಿಗೂ ಈಜಿದವರಿಗೂ ಒಂದೇ ದರವೇಕೆ ಎಂದು ಕೇಳಿದ್ದರಿಂದಲೇ ಆ 1,12,000 ಇನ್ನೂ ಸ್ವಲ್ಪ ಇಳಿಯಿತು.

ಆ ದಿನ ಚೆನ್ನಾಗಿತ್ತು. ಬೆಳಿಗ್ಗೆ ಸಮುದ್ರ ಹಾಸಿದಂತಿತ್ತು, ಒಂದೂವರೆ ಗಂಟೆಯಲ್ಲಿ ನೇತ್ರಾಣಿಯ ಬಂಡೆ ಎದುರಿಗೆ ಬಂತು. ದೋಣಿ ದಡಕ್ಕೆ ತಾಗಲಿಲ್ಲ, ಅಲ್ಲೇ ಲಂಗರು ಹಾಕಿ ಮಕ್ಕಳನ್ನು ಇಳಿಸಿದರು. ಅಕ್ಕನಿಗೆ ಎಪ್ಪತ್ತು ದಾಟಿದೆ. ಹುಟ್ಟಿದ್ದು ಸಮುದ್ರದ ಬದಿಯಲ್ಲೇ ಆದರೂ ಅದರೊಳಗೆ ತಲೆಯಿಟ್ಟು ನೋಡಿದವಳಲ್ಲ. ಮೊಮ್ಮಗಳು ಬಿಡಲಿಲ್ಲ. ಜಾಕೆಟ್ ಕಟ್ಟಿಕೊಂಡು, ಗೈಡ್‌ನ ಕೈ ಹಿಡಿದು, ಮೂರು ಸಲ ಮುಖ ಮುಳುಗಿಸಿದಳು. ಮೂರನೆಯ ಸಲ ಎದ್ದಾಗ ಮಾತೇ ಬರಲಿಲ್ಲ ಅವಳಿಗೆ. ಹಿಂದೆ ಬರುವಾಗ ದೂರದಿಂದ ಮುರ್ಡೇಶ್ವರದ ಶಿವ ಮೊದಲು ಕಂಡಾಗ ಎಲ್ಲರೂ ಹಾಡುತ್ತಿದ್ದರು. ಆ ಹಣಕ್ಕೆ ಇದಕ್ಕಿಂತ ಹೆಚ್ಚಿನದು ಬೇರೆಲ್ಲಿ ಸಿಗುತ್ತಿತ್ತೋ ನನಗೆ ಗೊತ್ತಿಲ್ಲ.

ವಿಮೆಯ ಬಗ್ಗೆ ಎರಡು ಮಾತು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ಅಪಘಾತದ ಸಾವಿಗೆ 2 ಲಕ್ಷ ಸಿಗುತ್ತದೆ, ವಯಸ್ಸು 18ರಿಂದ 70. ದೋಣಿ ಹತ್ತುವವರ ಖಾತೆಯಲ್ಲಿ ಅದು ಚಾಲ್ತಿಯಲ್ಲಿದೆಯೇ ನೋಡಿ. ಆರೋಗ್ಯ ವಿಮೆಯಲ್ಲಿ ಸಾಹಸ ಕ್ರೀಡೆಗೆ ಹಣ ಸಿಗುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಪ್ರಮಾಣಿತ ಷರತ್ತಿನಲ್ಲಿ ಹೊರಗಿಟ್ಟಿರುವುದು ಅದನ್ನು ವೃತ್ತಿಯಾಗಿ ಮಾಡುವವರನ್ನು. ಅಪಘಾತ ವಿಮೆಯ ಷರತ್ತು ಬೇರೆ ಇರಬಹುದು, ನಿಮ್ಮ ಪಾಲಿಸಿಯನ್ನೇ ತೆರೆದು ಓದಿ.

ಅಣ್ಣನ ಮಗ ಕೊನೆಗೆ ಹೇಳಿದ ಒಂದು ಮಾತನ್ನು ತಳ್ಳಿಹಾಕಲಾಗದು. "ಕಂತು ಆದ್ರೆ ಕಟ್ಟಲೇಬೇಕು ಚಿಕ್ಕಪ್ಪ. ಆರ್‌ಡಿ ಆದ್ರೆ ಎರಡು ತಿಂಗಳಿಗೆ ಬಿಟ್ಟುಬಿಡ್ತೇವೆ." ನಿಜ. ಮೇಲಿನ ಲೆಕ್ಕ ನಿಂತಿರುವುದೇ ಆ ಹನ್ನೆರಡು ಕಂತುಗಳನ್ನು ನಮಗೆ ನಾವೇ ಕಟ್ಟಿಕೊಳ್ಳುವುದರ ಮೇಲೆ. ಆದರೆ ಈ ಮಾತನ್ನು ಉಡುಪಿ ಜಿಲ್ಲೆಯ ಹುಡುಗ ಹೇಳಿದಾಗ ನನಗೆ ನೋವಾಗುತ್ತದೆ. 1925ರಲ್ಲಿ ಇದೇ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಟಿ.ಎಂ.ಎ. ಪೈ ಸೇರಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, 1928ರಲ್ಲಿ ಪಿಗ್ಮಿ ಶುರುಮಾಡಿತು. ದಿನಕ್ಕೆ ಎರಡಾಣೆ. ಏಜೆಂಟ್ ಮನೆಬಾಗಿಲಿಗೆ, ಅಂಗಡಿಗೆ ಬಂದು ಒಯ್ಯುತ್ತಿದ್ದರು. ನೇಕಾರರು, ಮೀನು ಮಾರುವ ಹೆಂಗಸರು, ಹೋಟೆಲಿನ ಮಾಣಿಗಳು ಇಂಥದರಲ್ಲೇ ಮಗಳ ಮದುವೆ ಮಾಡಿದರು, ಮಾಡಿಗೆ ಹೆಂಚು ಹೊದಿಸಿದರು. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾದಲ್ಲಿ ಸೇರಿಹೋಯಿತು. ಪಿಗ್ಮಿ ಹೋಗಿಲ್ಲ, ಸೊಸೈಟಿಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ಬಡ್ಡಿ ಕಡಿಮೆ, ನಡುವೆ ತೆಗೆದರೆ ಕಡಿತವೂ ಇದೆ. ಆದರೂ ದಿನಕ್ಕೆ 150 ಎಂದರೆ ವರ್ಷಕ್ಕೆ 54,750. ಮೊದಲು ಕೂಡಿಸಿ, ಆಮೇಲೆ ಖರ್ಚು ಮಾಡುವ ಕ್ರಮ ಅದು. ಇಎಂಐ ಆ ಕ್ರಮವನ್ನೇ ಉಲ್ಟಾ ಮಾಡಿ, ಅದಕ್ಕೆ ನಮ್ಮಿಂದಲೇ ಶೇ 16 ವಸೂಲು ಮಾಡುತ್ತದೆ. ಬಾಗಿಲಿಗೆ ಬರುವ ಪಿಗ್ಮಿ ಏಜೆಂಟರ ಮುಖ ನೋಡಿದಾಗ ಇಲ್ಲವೆನ್ನಲು ನಾಚಿಕೆಯಾಗುತ್ತದೆ. ಹುಡುಗ ಕೇಳಿದ ಒತ್ತಾಯ ಅದರಲ್ಲೇ ಇದೆ.

ಈಗ ನಮ್ಮ ಕುಟುಂಬದ ನಾಲ್ಕು ಮನೆಗಳಲ್ಲಿ ಬೇರೆಬೇರೆ ಪಿಗ್ಮಿ ನಡೆಯುತ್ತಿದೆ, ಎಲ್ಲವೂ ಮುಂದಿನ ಪ್ರವಾಸಕ್ಕೆ. ಅಣ್ಣನ ಮಗನದ್ದೂ ಇದೆ. ಮುಂದಿನ ಸಲ ಜನವರಿಯಲ್ಲಿ ಎಂದು ನ್ಯೂಜೆರ್ಸಿಗೂ ತಿಳಿಸಿಯಾಗಿದೆ, ವಿಮಾನದ ಟಿಕೆಟೂ ಆಗ ಇಳಿಯುತ್ತದೆ.

ನೀವು ಹೊರಡುವುದಾದರೆ, ಮುಂಗಡ ಕೊಡುವ ಮೊದಲು ಒಂದನ್ನು ಬರಹದಲ್ಲಿ ಪಡೆಯಿರಿ: ಗಾಳಿ ಎದ್ದು ದೋಣಿ ಹೊರಡದಿದ್ದರೆ ಹಣ ವಾಪಸೋ, ಇನ್ನೊಂದು ದಿನವೋ, ವಾಪಸಾದರೆ ಎಷ್ಟು ದಿನದಲ್ಲಿ. ಹಣ ಕೈಯಿಂದ ಕೊಟ್ಟವರಿಗೆ ಅಲ್ಲಿಗೆ ಮಾತು ಮುಗಿಯಿತು. ಕಂತಿನಲ್ಲಿ ಕೊಟ್ಟವರು ಏಜೆಂಟರನ್ನೂ ಬ್ಯಾಂಕನ್ನೂ ಬೇರೆಬೇರೆಯಾಗಿ ಹಿಡಿಯಬೇಕಾಗುತ್ತದೆ. ವಾಪಸು ಜಮೆಯಾಗುವವರೆಗೆ ಕಂತು ನಿಲ್ಲುವುದಿಲ್ಲ, ಪ್ರೊಸೆಸಿಂಗ್ ಶುಲ್ಕ ಸಾಮಾನ್ಯವಾಗಿ ಮರಳುವುದೂ ಇಲ್ಲ.