ಸೋತ ಆಟದ ಒಂದು ಗೋಲು

ಫುಟ್‌ಬಾಲಿನಲ್ಲಿ ಮುಂದೆ ಆಡಿ ಗೋಲು ಹೊಡೆಯುವವರನ್ನು ಫಾರ್ವರ್ಡ್ ಎನ್ನುತ್ತಾರೆ. ಮನೀಷಾ ಕಲ್ಯಾಣ್ ಅಂಥ ಆಟಗಾರ್ತಿ. ಇವರು 2001ರಲ್ಲಿ ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಹಳ್ಳಿಯಲ್ಲಿ ಜನಿಸಿದರು. ಮುಂದೆ ಕೇರಳದ ಗೋಕುಲಂ ತಂಡದಲ್ಲಿ ಆಡಿದರು.

2021ರ ನವೆಂಬರ್‌ನಲ್ಲಿ ಭಾರತ ತಂಡ ಬ್ರೆಜಿಲ್‌ಗೆ ಹೋಗಿತ್ತು. ಆಟ ಶುರುವಾದ ಮೊದಲ ನಿಮಿಷದಲ್ಲೇ ಬ್ರೆಜಿಲಿನವರು ಗೋಲು ಹೊಡೆದರು. ಎಂಟನೇ ನಿಮಿಷದಲ್ಲಿ ಮನೀಷಾ ಗೋಲು ಹೊಡೆದು ಸಮ ಮಾಡಿದರು! ಕೊನೆಗೆ ನಮ್ಮವರು 1-6ರಿಂದ ಸೋತರು. ಆದರೆ ಆ ಒಂದು ಗೋಲನ್ನು ಯಾರೂ ಮರೆಯಲಿಲ್ಲ.

2022ರಲ್ಲಿ ಅವರು ಸೈಪ್ರಸ್ ದೇಶದ ಅಪೊಲೊನ್ ತಂಡ ಸೇರಿದರು. ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯರು ಇವರೇ.

ನಮ್ಮ ಆಟದ ಪಿರಿಯಡ್‌ನಲ್ಲಿ ಚೆಂಡು ಯಾವಾಗ್ಲೂ ಹುಡುಗರ ಹತ್ರಾನೇ ಇರುತ್ತೆ. ಸೋಲ್ತೀವಿ ಅಂತ ನಾವು ಕೇಳೋದೇ ಇಲ್ಲ. ಸೋತರೂ ಒಂದು ಗೋಲು ಹೊಡೀಬಹುದಲ್ವಾ? ಶನಿವಾರ ನಾನು ಚೆಂಡು ಕೇಳ್ತೀನಿ. ಗೆಳತಿಯರೇ, ನೀವೂ ಬನ್ನಿ.

— 7ನೇ ತರಗತಿ