ಹೊರಟ ವಿನಂತಿಯ ಹೆಸರು ಬರೆದಿಡು

ಮಗಳೇ,

ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್. ಆನ್‌ಲೈನಿನಲ್ಲಿ ಪಹಣಿ ನೋಡುವವರೆಲ್ಲ ಬಲ್ಲ ಸಾಲು ಇದು. ಅಭ್ಯಾಸಕ್ಕೆಂದು ಅದೇ ಸಾಲು ಇಟ್ಟುಕೊಂಡು ನೀನು ಕಟ್ಟಿದ ಪುಟದಲ್ಲಿ ಅಫಜಲಪುರ ತಾಲೂಕು ಆರಿಸಿದರೂ ಅದರ ಹೋಬಳಿಗಳಾದ ಕರಜಗಿ, ಅತನೂರು ಬರುವ ಬದಲು ಆಳಂದ ತಾಲೂಕಿನ ಖಜೂರಿ, ನಿಂಬರ್ಗಾ ಬರುತ್ತವೆ, ಅದೂ ಯಾವಾಗಲೋ ಒಮ್ಮೆ ಎಂದು ಬರೆದಿದ್ದೀಯ. ಡೇಟಾಬೇಸ್ ಸರಿಯಿದೆ ಎಂಬ ನಿನ್ನ ಮಾತು ನಿಜ. ತಪ್ಪಿರುವುದು ಉತ್ತರಗಳು ಬಂದ ಸರದಿಯಲ್ಲಿ.

ಅಕಾರಾದಿಯಲ್ಲಿ ಅಫಜಲಪುರ, ಆಳಂದ ಒಂದರ ಕೆಳಗೊಂದು. ಬೆರಳು ಜಾರಿ ಆಳಂದ ಒತ್ತಿದವರು ಕೂಡಲೇ ಅಫಜಲಪುರಕ್ಕೆ ಬದಲಿಸುತ್ತಾರೆ. ಎರಡು ವಿನಂತಿ ಹೊರಟವು. ಅಫಜಲಪುರದ ಉತ್ತರ ಮೊದಲು ಬಂತು, ಆಳಂದದ್ದು ತಡವಾಗಿ ಬಂದು ಅದನ್ನು ಅಳಿಸಿ ಕೂತಿತು. ಹೊರಟ ಕ್ರಮದಲ್ಲೇ ಉತ್ತರ ಬಂದೀತೆಂದು ನಂಬುವಂತಿಲ್ಲ.

ಮೊದಲು ಈ ತಪ್ಪು ಬೇಕೆಂದಾಗಲೆಲ್ಲ ಬರುವಂತೆ ಮಾಡಿಕೋ. ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿರುವ ಸಾಮಾನ್ಯ ಥ್ರಾಟ್ಲಿಂಗ್ ಎಲ್ಲವನ್ನೂ ಒಟ್ಟಿಗೇ ನಿಧಾನ ಮಾಡುತ್ತದೆ, ಅದರಿಂದ ಸರದಿ ತಿರುಗುಮುರುಗಾಗದೇ ಇರಬಹುದು. ನಿನ್ನ ಸರ್ವರ್‌ನಲ್ಲಿ ಆಳಂದಕ್ಕೆ ಮಾತ್ರ 5 ಸೆಕೆಂಡ್ ತಡ ಹಾಕು. ನೆಟ್‌ವರ್ಕ್ ಫಲಕದಲ್ಲಿ ಫೆಚ್/ಎಕ್ಸ್‌ಎಚ್‌ಆರ್ ಮಾತ್ರ ಉಳಿಸಿಕೊಂಡು ನೋಡು: ಆಳಂದದ ಸಾಲು ಇನ್ನೂ ‘ಪೆಂಡಿಂಗ್’ ಎನ್ನುತ್ತಿರುವಾಗಲೇ ಅಫಜಲಪುರದ್ದು 200 ಆಗಿ ಮುಗಿದಿರುತ್ತದೆ. ಒಂದೊಂದು ವಿನಂತಿಯನ್ನೂ ಕಳಿಸಿದ್ದು ಕೋಡಿನ ಯಾವ ಸಾಲು ಎಂಬುದು ‘ಇನಿಶಿಯೇಟರ್’ ಕಾಲಂನಲ್ಲಿದೆ. ಇಷ್ಟು ಕಣ್ಣಿಗೆ ಬೀಳುವವರೆಗೂ ಕೋಡ್ ಮುಟ್ಟಬೇಡ.

ಆ ಫಲಕ ನಿನ್ನ ಕಂಪ್ಯೂಟರಿನಲ್ಲಷ್ಟೇ. ಜೇವರ್ಗಿಯ ಹಳ್ಳಿಯಲ್ಲಿ ಮೊಬೈಲ್ ಹಿಡಿದು ಕೂತವರ ಮುಂದಿರುವ ಪುಟಕ್ಕೆ, ತನ್ನಿಂದ ಹೊರಟು ಇನ್ನೂ ಬಾರದ್ದು ಏನೆಂದು ತಾನೇ ಗೊತ್ತಿರಬೇಕು. 2006ರಲ್ಲಿ ಬಂದ ಜೆಕ್ವೆರಿ ಒಳಗೊಳಗೇ ಇದರ ಎಣಿಕೆ ಇಡುತ್ತಿತ್ತು. 2015ರಿಂದ ಬಳಕೆಗೆ ಬಂದ ಫೆಚ್‌ನಲ್ಲಿ ಅದೂ ಇಲ್ಲ. ಹಾಗಾಗಿ ಫೆಚ್‌ನ ಸುತ್ತ ನಿನ್ನದೇ ಒಂದು ಫಂಕ್ಷನ್ ಬರೆದು, ಕಿರಾಣಿ ಅಂಗಡಿಯ ಉದ್ರಿ ವಹಿಯ ಹಾಗೆ ಒಂದು ಮ್ಯಾಪ್ ಇಡು: ವಿನಂತಿಯ ನಂಬರ್, ವಿಳಾಸ, ಯಾವ ತಾಲೂಕಿನ ಸಲುವಾಗಿ, ಹೊರಟ ಹೊತ್ತು. ಬರೀ ಎಣಿಕೆಗೆ ಮೂರು ಬಾಕಿ ಇವೆ ಎಂದು ಗೊತ್ತು, ಯಾವ ಮೂರು ಎಂದು ಗೊತ್ತಿಲ್ಲ. ಮುಗಿದ ವಿನಂತಿಯ ಹೆಸರು ಹೊಡೆದುಹಾಕುವ ಕೆಲಸ ‘ಫೈನಲಿ’ಯಲ್ಲಿರಲಿ. ಇಲ್ಲದಿದ್ದರೆ ಕೆಟ್ಟುಹೋದ ವಿನಂತಿ ಪಟ್ಟಿಯಲ್ಲೇ ಉಳಿದು, ಕಾಯಿರಿ ಎಂಬ ಚಕ್ರ ತಿರುಗುತ್ತಲೇ ಇರುತ್ತದೆ.

ಇಲ್ಲೇ ಹೆಚ್ಚಿನವರು ಎಡವುವುದು: ಫೆಚ್‌ನ ಪ್ರಾಮಿಸ್ ಈಡೇರುವುದು ಹೆಡರ್‌ಗಳು ಬಂದಾಗ. ಬಾಡಿ ಇನ್ನೂ ದಾರಿಯಲ್ಲಿರಬಹುದು. ಜೇಸನ್ ಓದಿ ಮುಗಿದ ಮೇಲೆಯೇ ಹೆಸರು ಹೊಡೆ. 404, 500 ಬಂದರೂ ಆ ಪ್ರಾಮಿಸ್ ರಿಜೆಕ್ಟ್ ಆಗುವುದಿಲ್ಲ, ಆದ್ದರಿಂದ ‘ಓಕೆ’ ನೋಡದೆ ಮುಂದೆ ಹೋಗಬೇಡ.

ತಾಲೂಕು ಬದಲಾದ ಕೂಡಲೇ ಹಳೆಯ ವಿನಂತಿಯನ್ನು ಅಬಾರ್ಟ್ ಕಂಟ್ರೋಲರ್‌ನಿಂದ ನಿಲ್ಲಿಸು. ಆಗ ಬರುವ ಅಬಾರ್ಟ್ ಎರರ್ ನೀನೇ ಮಾಡಿದ್ದು, ಅದನ್ನು ಜನರಿಗೆ ದೋಷವೆಂದು ತೋರಿಸಬೇಡ. ಉತ್ತರವನ್ನು ಸ್ಕ್ರೀನ್ ಮೇಲೆ ಹಾಕುವ ಮುನ್ನ, ಈಗ ಆರಿಸಿರುವ ತಾಲೂಕು ಇದೇ ಹೌದೇ ಎಂದು ಕೋಡ್ ಕೇಳಿಕೊಳ್ಳಲಿ. ನನ್ನ ಮಟ್ಟಿಗೆ ಈ ಪ್ರಶ್ನೆಯೇ ಮುಖ್ಯ, ನಿಲ್ಲಿಸುವುದು ಆಮೇಲಿನ ಮಾತು.

ಇದೆಲ್ಲ ಓದುವ ವಿನಂತಿಗಳಿಗೆ. ನಾಳೆ ನೀನು ಬೆಳೆ ವಿಮೆಯ ಅರ್ಜಿಯಂಥ ಪುಟ ಮಾಡಿದಾಗ ಅಬಾರ್ಟ್ ಮೇಲೆ ಭಾರ ಹಾಕಬೇಡ. ಬ್ರೌಸರ್ ಕಾಯುವುದನ್ನು ಬಿಟ್ಟಿತೆಂದರೆ ಸರ್ವರ್ ಕೆಲಸ ಬಿಟ್ಟಿತೆಂದಲ್ಲ, ಅದು ಅಷ್ಟರಲ್ಲಿ ಅರ್ಜಿ ಬರೆದುಕೊಂಡಿರಬಹುದು. ಉತ್ತರ ಬಾರದೆ ಗಾಬರಿಯಾದ ತೊಗರಿ ರೈತ ಇನ್ನೊಮ್ಮೆ ಒತ್ತಿಯೇ ಒತ್ತುತ್ತಾನೆ. ಅವನ ಅರ್ಜಿಗೆ ಪುಟದಲ್ಲೇ ಒಂದು ಗುರುತು ಕೊಡು. ಅದೇ ಗುರುತು ಮತ್ತೆ ಬಂದರೆ ಸರ್ವರ್ ಹೊಸ ಅರ್ಜಿ ಬರೆಯದೆ ಮೊದಲಿನ ಉತ್ತರವನ್ನೇ ಕೊಡಲಿ. ಈ ಭಾಗವನ್ನು ನೀನೊಬ್ಬಳೇ ಮುಗಿಸಬೇಡ, ಬರೆದಷ್ಟನ್ನು ಕಳಿಸು, ಕೂಡಿ ನೋಡೋಣ.

ನಿನ್ನ ಕಾಕಾ