ಶೆಡ್ಡಿನ ಜೀಪಿಗೆ ಮೊದಲ ಖರ್ಚು ಯಾವುದು?

ಬಣಕಲ್ ಸುತ್ತಿನ ತೋಟಗಳಲ್ಲಿ ಕಾಫಿ ಕಣದ ಪಕ್ಕದ ಶೆಡ್ಡಿನೊಳಗೆ ನೋಡಿದರೆ ಎಷ್ಟೋ ಕಡೆ ಒಂದು ಹಳೇ ಜೀಪು ನಿಂತಿರುತ್ತದೆ. ಮನೆಗೆ ಕಾರು ಬಂದ ಮೇಲೆ, ಇಲ್ಲವೇ ಓಡಿಸುತ್ತಿದ್ದ ಯಜಮಾನರು ತೀರಿಕೊಂಡ ಮೇಲೆ, ಅದಕ್ಕೆ ವರ್ಷಕ್ಕೊಮ್ಮೆ ಆಯುಧಪೂಜೆಯ ಚೆಂಡು ಹೂ ಮಾತ್ರ. ಕಾಫಿಗೆ ಒಳ್ಳೆಯ ದರ ಬಂದಿರುವುದರಿಂದ ಈಗ ಹಲವರು ಅದನ್ನು ರಿಪೇರಿ ಮಾಡಿಸಲು ಹೊರಟಿದ್ದಾರೆ. ನಾವೂ ಅಪ್ಪನ 1996ರ ಮಹೀಂದ್ರ ಎಂಎಂ 540 ಅನ್ನು ಮಳೆಗಾಲ ಕಳೆದ ಮೇಲೆ ಎಬ್ಬಿಸಿದೆವು. ಖರ್ಚಿನ ಪುಸ್ತಕ ಎದುರಿಗಿದೆ.

ಮೊದಲು ಆರ್‌ಸಿ ನೋಡಿ, ಆಮೇಲೆ ಬಾನೆಟ್ ಎತ್ತಿ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನಂತರ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೇಂದ್ರ ನಿಯಮದಂತೆ, ತಡವಾದ ಪ್ರತಿ ತಿಂಗಳಿಗೂ ಬೈಕಿಗೆ 300, ಕಾರು ಜೀಪುಗಳಿಗೆ 500 ರೂಪಾಯಿ ಹೆಚ್ಚುವರಿ. ಮೂರು ವರ್ಷ ಬಿಟ್ಟರೆ 18,000. ಗಾಡಿ ಒಂದು ಅಡಿ ಕದಲದಿದ್ದರೂ ಸಾಲ ಬೆಳೆಯುತ್ತಲೇ ಇರುತ್ತದೆ. ಇಪ್ಪತ್ತು ವರ್ಷ ದಾಟಿದ ಕಾರು ಜೀಪುಗಳ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 5,000ದಿಂದ 10,000ಕ್ಕೆ ಏರಿಸಿದರು. ಹಸಿರು ತೆರಿಗೆ, ಹೊಗೆ ತಪಾಸಣೆ ಬೇರೆ. ಚಿಕ್ಕಮಗಳೂರಿನ ಆರ್‌ಟಿಒಗೆ ಗಾಡಿಯನ್ನೇ ಒಯ್ದು ತೋರಿಸಬೇಕು. ದೆಹಲಿಯಲ್ಲಿ ಹಳೇ ಡೀಸೆಲ್ ಗಾಡಿಗೆ ಹಾಕಿರುವ ಹತ್ತು ವರ್ಷದ ಮಿತಿ ನಮಗೆ ಅನ್ವಯಿಸುವುದಿಲ್ಲ, ಅದಕ್ಕೆ ಹೆದರಬೇಕಿಲ್ಲ.

ಮಾಲೀಕರು ತೀರಿಕೊಂಡಿದ್ದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಅಮ್ಮ ಇದನ್ನು ಆಗಲೇ ಮಾಡಿಸಿದ್ದರಿಂದ ಅಕ್ಕಂದಿರ ಸಹಿಗಾಗಿ ಈಗ ಊರೂರು ಅಲೆಯುವುದು ತಪ್ಪಿತು.

ಎರಡನೆಯದು ಚಾಸಿ. ಚಾರ್ಮಾಡಿ ಸೆರಗಿನ ನಮ್ಮ ಮಳೆಗೆ ಕಬ್ಬಿಣ ತಳದಿಂದ ತುಕ್ಕು ಹಿಡಿಯುತ್ತದೆ. ಕೆಸರು ಕೆರೆದು, ಉದ್ದಕ್ಕೂ ಸುತ್ತಿಗೆಯಲ್ಲಿ ತಟ್ಟಿ ನೋಡಬೇಕು. ಅಲ್ಲಿ ತೂತು ಬಿದ್ದಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ, ನಾನಾದರೆ ದುಡ್ಡು ಹಾಕುವುದಿಲ್ಲ. ಆಗ ಗುಜರಿಗೆ ಕೊಡುವುದೇ ಸರಿ. ಆದರೆ ಸರ್ಕಾರ ನೋಂದಾಯಿಸಿದ ಕೇಂದ್ರಕ್ಕೆ ಕೊಟ್ಟು, ಪ್ರಮಾಣಪತ್ರ ಪಡೆದು, ಆರ್‌ಸಿ ರದ್ದು ಮಾಡಿಸಬೇಕು. ತೂಕದ ಲೆಕ್ಕದಲ್ಲಿ ಮಾರಿ ಸುಮ್ಮನಾದರೆ ಗಾಡಿ ದಾಖಲೆಯಲ್ಲಿ ನಿಮ್ಮ ಹೆಸರಲ್ಲೇ ಇರುತ್ತದೆ.

ನಮ್ಮ ಚಾಸಿ ಗಟ್ಟಿಯಿತ್ತು. ಹೊಸ ಬ್ಯಾಟರಿ ತಂದು ಕೀ ತಿರುಗಿಸಲು ನಮಗೆಲ್ಲ ಆತುರ. ಮೆಕ್ಯಾನಿಕ್ ತಡೆದರು: "ಸೆಲ್ಫ್ ಹೊಡಿಬೇಡಿ ಸಾರ್, ಮೊದ್ಲು ಕೈಯಲ್ಲಿ ತಿರುಗ್ಸಿ ನೋಡಣ." ನಾಝಲ್ ಬಿಚ್ಚಿ, ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ರಾತ್ರಿ ಹಾಗೇ ಬಿಟ್ಟು, ಮರುದಿನ ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿದರು. ಒಳಗೆ ತುಕ್ಕು ಹಿಡಿದ ಎಂಜಿನ್ನನ್ನು ಜೋರಾಗಿ ಎಳೆದಿದ್ದರೆ ರಿಂಗು, ಪಿಸ್ಟನ್ ಎಲ್ಲ ಹೋಗಿ ಪೂರ್ತಿ ಬೋರಿಂಗ್ ಕೆಲಸಕ್ಕೆ ಬರುತ್ತಿತ್ತು. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು, ಗಸಿ ಕೂತಿತ್ತು. ಅದನ್ನು ಇಳಿಸಿ ತೊಳೆಯದೆ ಪಂಪಿಗೆ ಡೀಸೆಲ್ ಬಿಡಲಿಲ್ಲ. ಆ ಒಂದು ದಿನದ ತಾಳ್ಮೆಯೇ ಇಡೀ ಕೆಲಸದ ದೊಡ್ಡ ಉಳಿತಾಯ.

ಗ್ಯಾರೇಜು, ಕಾಗದಪತ್ರ, ಎಲ್ಲ ಸೇರಿ ಒಂದೂವರೆ ಲಕ್ಷದ ಮೇಲೆ ಹೋಗುವುದಿಲ್ಲ ಎಂದು ಮೊದಲೇ ಗೆರೆ ಎಳೆದಿದ್ದೆವು. ಅದರಲ್ಲಿ ಬ್ರೇಕಿಗೆ ಚೌಕಾಸಿ ಮಾಡಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ನಿಂತ ಗಾಡಿಯ ವೀಲ್ ಸಿಲಿಂಡರ್ ಒಳಗಿಂದಲೇ ಕೊರೆದು ಹೋಗಿರುತ್ತದೆ. ಮಾಸ್ಟರ್ ಸಿಲಿಂಡರ್, ಪೈಪು, ಶೂ ಎಲ್ಲ ಹೊಸದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 3214 ಎಂದರೆ 2014ರ 32ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟೇ ಆಳವಿದ್ದರೂ ಅಷ್ಟು ಹಳೆಯ ರಬ್ಬರ್ ಘಾಟಿಗೆ ಬೇಡ. ಸೀಟು, ಹುಡ್ ಮುಂದಿನ ವರ್ಷಕ್ಕೆ ಹೋದವು. ತುಕ್ಕಿದ್ದ ಕಡೆ ಪ್ರೈಮರ್ ಬಳಿದು ಪಾಸು ಮಾಡಿಸಿದೆವು.

ಲಾಭವೇ? ಫೋರ್ ವೀಲ್ ಇರುವ ಹೊಸ ಥಾರ್ ರಸ್ತೆಗಿಳಿಯುವಾಗ ಹತ್ತು ಲಕ್ಷ ದಾಟಿರುತ್ತದೆ. ಗೊಬ್ಬರ, ಸ್ಪ್ರಿಂಕ್ಲರ್ ಪೈಪು, ಕುಯ್ಲಿನ ಚೀಲ ಸಾಗಿಸಲು ನಮಗೆ ವರ್ಷದಲ್ಲಿ ಕೆಲವು ತಿಂಗಳು ಗಟ್ಟಿ ಗಾಡಿ ಬೇಕು, ಅಷ್ಟಕ್ಕೆ ಇದು ಸಾಕು. ತೋಟದ ಕೆಲಸವಿಲ್ಲದೆ ಬರೀ ಪ್ರೀತಿಗೆ ಎಬ್ಬಿಸುವವರೂ ಇದ್ದಾರೆ. ಅದೂ ಸರಿಯೇ, ಆದರೆ ಆ ದುಡ್ಡನ್ನು ತೋಟದ ಲೆಕ್ಕಕ್ಕೆ ಬರೆಯಬಾರದು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ವಿಮೆ. "ತೋಟದೊಳಗೇ ಓಡಾಡೋದಲ್ವಾ" ಎಂದು ಇದನ್ನು ಬಿಡುವವರು ಬಹಳ. ಆದರೆ ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಲು ಹೆದ್ದಾರಿ ದಾಟಲೇಬೇಕಲ್ಲ? 1500 ಸಿಸಿ ಮೀರಿದ ಖಾಸಗಿ ಗಾಡಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ದರದಲ್ಲಿ ವರ್ಷಕ್ಕೆ 7,897 ರೂಪಾಯಿ, ಜೊತೆಗೆ ಜಿಎಸ್‌ಟಿ. ವಿಮೆಯಿಲ್ಲದ ಜೀಪಿನಿಂದ ಯಾರದಾದರೂ ಜೀವ ಹೋದರೆ ಪರಿಹಾರ ಮಾಲೀಕರ ಮೇಲೆ ಬರುತ್ತದೆ. ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ.

ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಜೀಪಿನ ಹಿಂದೆ ಕೂತ ಕೆಲಸದವರಿಗೆ ರಕ್ಷಣೆ ಇರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಕುಯ್ಲಿನ ಕಾಲದಲ್ಲಿ ಹೆಂಗಸರು, ಮಕ್ಕಳು ಜೀಪಿನ ಹಿಂಬದಿಗೆ ಜೋತುಬಿದ್ದು ಬರುವುದು ನಮ್ಮ ಕಡೆ ಮಾಮೂಲು. ನಮ್ಮ ಜೀಪಿನಲ್ಲಿ ಅದನ್ನು ನಿಲ್ಲಿಸಿದ್ದೇವೆ. ಚೀಲಕ್ಕೆ ಜೀಪು, ಜನಕ್ಕೆ ಪರ್ಮಿಟ್ ಇರುವ ಬಾಡಿಗೆ ಗಾಡಿ. ಆ ಬಾಡಿಗೆಯನ್ನೂ ಜೀಪಿನ ಖರ್ಚಿನ ಪುಟದಲ್ಲೇ ಬರೆಯುತ್ತೇನೆ.